ಚೌರಮ್ಮ ಬೀದಿಯಲ್ಲಿ ನೀರು ಕಾಯಿಸಿದ್ದು

ನಮ್ಮ ಬೀದಿಯಲ್ಲಿ ಚೌರಮ್ಮನಷ್ಟು ಒಳ್ಳೆಯ ಹೆಂಗಸು ಇನ್ನೊಬ್ಬಳು ಇರಲಿಲ್ಲ. ಇದನ್ನು ನಾನು ಹೇಳುತ್ತಿಲ್ಲ, ಚೌರಮ್ಮನೇ ಹೇಳುತ್ತಿದ್ದಳು. ಪಾಪನಿವೇದನೆಗೆ ಹೋಗಿಬಂದ ದಿನ ಜಗಲಿಯ ಮೇಲೆ ಕಾಲು ಚಾಚಿ ಕೂತು, ಯಾರೂ ಕೇಳದಿದ್ದರೂ, "ನಂಗೆ ಯಾವಾಗ್ಲೂ ಮೂರೇ ಮೂರು ನಮೋ ಮರಿಯಾ ಕಣಮ್ಮ. ಹಳೇ ಸ್ವಾಮಿಗಳ ಕಾಲದಿಂದ್ಲೂ ಅಷ್ಟೇ" ಎನ್ನುತ್ತಿದ್ದಳು. ಪಾಪ ಹೇಳಿಕೊಂಡವರಿಗೆ ಗುರುಗಳು ಪ್ರಾಯಶ್ಚಿತ್ತವೆಂದು ಜಪ ಕೊಡುತ್ತಾರಲ್ಲ, ಅದರ ಮಾತು ಇದು. ಸಣ್ಣ ಪಾಪಕ್ಕೆ ಸಣ್ಣ ಜಪ, ದೊಡ್ಡದಕ್ಕೆ ಇಡೀ ಜಪಮಾಲೆ. ಮೂರು ನಮೋ ಮರಿಯಾ ಎಂದರೆ ಪಾಪವೇ ಇಲ್ಲ, ಸುಮ್ಮನೆ ಶಾಸ್ತ್ರಕ್ಕೆ ಕೊಟ್ಟದ್ದು ಎಂದು ಅರ್ಥ. ನಾವೆಲ್ಲ ಬಾಯಿ ಮುಚ್ಚಿಕೊಂಡು ಕೇಳಬೇಕಾಗಿತ್ತು. ನಮಗೆ ಸಿಕ್ಕಿದ ಜಪ ಮುಗಿಯುವ ಹೊತ್ತಿಗೆ ಒಲೆಯ ಮೇಲಿನ ಹುರುಳಿ ಸೀದುಹೋಗುತ್ತಿತ್ತು.

ನಮ್ಮೂರು ಬೆಂಗಳೂರು ಕಡೆಯ ವಿಜಯಪುರಕ್ಕೆ ಒಂದು ಹರದಾರಿಯೂ ಇಲ್ಲ. ಊರಿನ ಪಡುವಣ ತುದಿಯ ಒಂದು ಬೀದಿ ಕ್ರೈಸ್ತರದು, ಬೀದಿಯ ಕೊನೆಗೆ ಹೆಂಚಿನ ಚರ್ಚು, ನಮ್ಮ ಬಾಯಲ್ಲಿ ಗುಡಿ. ನಾನು ಆ ಬೀದಿಗೆ ಸೊಸೆಯಾಗಿ ಬಂದಾಗ ಯುದ್ಧದ ಕಾಲ. ಸಿಪಾಯಿಗಳು ಆಕಾಶದಿಂದ ಇಳಿಯುವ ಛತ್ರಿಗೆ ರೇಷ್ಮೆ ಬೇಕಂತೆ, ಹಾಗಾಗಿ ಮನೆಮನೆಯಲ್ಲೂ ಚರಕ ತಿರುಗುತ್ತಿತ್ತು. ಕುದಿಯುವ ನೀರಿನ ಬಾನೆಯಲ್ಲಿ ರೇಷ್ಮೆಗೂಡು ಬೇಯಿಸಿ, ಎಳೆ ಹಿಡಿದು, ಚರಕಕ್ಕೆ ಸುತ್ತುವ ಕೆಲಸ. ಚೌರಮ್ಮ ಅದರಲ್ಲಿ ಪಳಗಿದವಳು. ಗಂಡ ತೀರಿಹೋದಾಗ ಮಗ ರಾಯಪ್ಪ ಇನ್ನೂ ಅಂಬೆಗಾಲಿಡುತ್ತಿದ್ದ. ಅವನನ್ನು ಮಡಿಲಲ್ಲಿ ಕಟ್ಟಿಕೊಂಡೇ ಚರಕ ತಿರುಗಿಸಿ ಸಾಕಿದಳು. ಅವಳ ಬೆರಳ ತುದಿಗಳು ಸದಾ ಬೆಂದು ಬಿಳಿಚಿಕೊಂಡಿರುತ್ತಿದ್ದವು. ಯಾರ ಮುಂದೆಯೂ ಕೈ ಚಾಚದವಳು. ಆ ಗರ್ವ ಅವಳಿಗಿತ್ತು, ಇರಬೇಕಾದದ್ದೇ. ಅದರ ಪಕ್ಕದಲ್ಲಿ ಈ ಮೂರು ನಮೋ ಮರಿಯಾದ ಗರ್ವವೂ ಬೆಳೆದುಕೊಂಡಿತ್ತು ಅಷ್ಟೆ.

ನಾನು ಬಂದು ಕೆಲವು ವರ್ಷಕ್ಕೆ ನಮ್ಮ ಚರ್ಚಿಗೆ ಹೊಸ ಸ್ವಾಮಿಗಳು ಬಂದರು. ಚಿಕ್ಕ ವಯಸ್ಸು, ಸೈಕಲ್ಲು ತುಳಿಯುತ್ತಿದ್ದರು, ಬೆಂಗಳೂರಿನಲ್ಲಿ ಕನ್ಯಾಸ್ತ್ರೀಯರ ಆಸ್ಪತ್ರೆಯ ಪಕ್ಕದಲ್ಲೇ ಇದ್ದು ಬಂದವರು. ಮೊದಲ ಭಾನುವಾರ ಪೂಜೆಯ ನಡುವೆ ಪ್ರಸಂಗಕ್ಕೆ ನಿಂತವರು ನರಕದ ಬೆಂಕಿಯ ಮಾತೇ ಎತ್ತಲಿಲ್ಲ. ನೀರು ಕಾಯಿಸಿ ಕುಡಿಯಿರಿ, ಊಟಕ್ಕೆ ಮುಂಚೆ ಸಾಬೂನಿನಲ್ಲಿ ಕೈ ತೊಳೆಯಿರಿ, ಮಕ್ಕಳ ಉಗುರು ಕತ್ತರಿಸಿ, ಬಚ್ಚಲ ನೀರು ಬೀದಿಗೆ ಬಿಡಬೇಡಿ, ಗುಂಡಿ ತೋಡಿ ಎಂದರು. ಮೈಯೂ ದೇವರು ಕೊಟ್ಟದ್ದೇ, ಅದನ್ನು ಹಾಳುಮಾಡಬಾರದು ಎಂದರು. ನಮಗೆ ನಿರಾಸೆಯಾಯಿತು. ಹಳೆಯ ಸ್ವಾಮಿಗಳ ನರಕ ಎಷ್ಟು ಚೆನ್ನಾಗಿತ್ತು! ಉಪದೇಶಿ ಇನ್ನಾಸಪ್ಪ, ಸ್ವಾಮಿಗಳಿಲ್ಲದಾಗ ನಮಗೆ ಜಪ ಹೇಳಿಕೊಡುವವನು, ಸತ್ಯವೇದದಲ್ಲಿ ಸಾಬೂನು ಎಲ್ಲಿ ಬರುತ್ತದೆ ಎಂದು ಒಂದು ವಾರ ಹುಡುಕಿ ಕೈಬಿಟ್ಟ.

ಸ್ವಾಮಿಗಳು ಬಿಡಲಿಲ್ಲ. ಭಾನುವಾರ ಭಾನುವಾರ ಅದೇ ಮಾತು, ನಾವು ಭಾನುವಾರ ಭಾನುವಾರ ಅದೇ ನಿದ್ದೆ. ನೋಡಿದರೆ ತಮಾಷೆಯೇ. ಬೀದಿಯ ಪ್ರತಿ ಮನೆಯಲ್ಲೂ ಬೆಳಗಿನಿಂದ ಸಂಜೆಯವರೆಗೆ ಬಾನೆಗಟ್ಟಲೆ ನೀರು ಕುದಿಯುತ್ತಿತ್ತು, ಹುಳುವಿಗೆ. ಮಕ್ಕಳಿಗೆ ಮಾತ್ರ ಕುಂಟೆಯ ನೀರು, ಊರಾಚೆಯ ಹೊಂಡದ್ದು. ಬೇಸಗೆಯಲ್ಲಿ ಬಾವಿ ತಳ ಕಂಡಾಗ ನಾವು ಆ ಕುಂಟೆಗೆ ಹೋಗುತ್ತಿದ್ದೆವು, ದನಗಳೂ ಅಲ್ಲಿಗೇ ಬರುತ್ತಿದ್ದವು.

ಆಮೇಲೆ ತಪಸ್ಸುಕಾಲ ಬಂತು. ಈಸ್ಟರ್ ಹಬ್ಬಕ್ಕೆ ಮುಂಚೆ ಬೀದಿಗೆ ಬೀದಿಯೇ ಪಾಪನಿವೇದನೆ ಮಾಡಬೇಕು. ಆಗ ಸ್ವಾಮಿಗಳಿಗೆ ಒಂದು ಯೋಚನೆ ಹೊಳೆಯಿತು. ಪ್ರಸಂಗ ಕೇಳಿ ನಿದ್ದೆ ಹೋಗುವವರು ಪ್ರಾಯಶ್ಚಿತ್ತವನ್ನು ಮಾತ್ರ ಚಾಚೂ ತಪ್ಪದೆ ಮಾಡುತ್ತಾರಲ್ಲ! ಜಪದ ಬದಲು ಅವರು ಆರೋಗ್ಯವನ್ನೇ ಪ್ರಾಯಶ್ಚಿತ್ತವಾಗಿ ಕೊಡಲು ಶುರುಮಾಡಿದರು. ಒಬ್ಬನಿಗೆ ಬಚ್ಚಲ ಗುಂಡಿ, ಒಬ್ಬಳಿಗೆ ವಾರವೆಲ್ಲ ನೀರು ಕಾಯಿಸಿ ಕುಡಿಯುವುದು, ಇನ್ನೊಬ್ಬನಿಗೆ ಹೆಂಡದಂಗಡಿಯ ದಾರಿ ಬಿಟ್ಟು ಕೆರೆ ಏರಿಯ ಮೇಲೆ ನಡೆದಾಡುವುದು. ಗಣಪತಿಯನ್ನು ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿದರು ಅಂತಾರಲ್ಲ, ಹಾಗಾಯಿತು. ನಾವು ಕ್ರೈಸ್ತರಾದರೂ ಈ ಗಾದೆ ಬಿಟ್ಟರೆ ಬೇರೆ ಸಿಗುವುದಿಲ್ಲ.

ಏಕೆಂದರೆ ನಮೋ ಮರಿಯಾ ಬಾಯೊಳಗೆ ಮುಗಿದುಹೋಗುತ್ತದೆ. ಗುಂಡಿ ಹಾಗಲ್ಲ. ಬೀದಿಯವರೆಲ್ಲ ಬಂದು ಅದರೊಳಗೆ ಇಣುಕಬಹುದು.

ಮೊದಲು ಸಿಕ್ಕಿಬಿದ್ದವರು ನಮ್ಮ ಮಾವ ಸಂದ್ಯಾವಪ್ಪ. ಶನಿವಾರ ಪಾಪನಿವೇದನೆ ಮಾಡಿದವರು ಭಾನುವಾರ ಮಧ್ಯಾಹ್ನ ಹಾರೆ ಹಿಡಿದು ಹಿತ್ತಲಿಗೆ ಹೋದರು. ಸೊಂಟದ ಮಟ್ಟಕ್ಕೆ ತೋಡಿದರು, ನಿಲ್ಲಿಸಲಿಲ್ಲ. ಎದೆಮಟ್ಟಕ್ಕೆ ಬಂತು. ಬೇಲಿಯಾಚೆ ಜನ ಸೇರಿದರು. ಎದುರುಮನೆಯ ಕತ್ರಿನಮ್ಮ ಸೆರಗು ಬಾಯಿಗಿಟ್ಟುಕೊಂಡು, "ಅಯ್ಯೋ ಸಿವ್ನೆ, ಇಷ್ಟು ಆಳದ ಪಾಪಾನಾ?" ಎಂದಳು. ನಮ್ಮತ್ತೆ ಒಳಗೆ ಹೋಗಿ ಪಾತ್ರೆ ಎಸೆದರು. ನೆಲ ಮೆತ್ತಗಿತ್ತು, ಅದಕ್ಕೇ ತೋಡುತ್ತಾ ಹೋದೆ ಎಂದು ಮಾವ ಆಣೆಯಿಟ್ಟು ಹೇಳಿದರು. ಅತ್ತೆ ಸಾಯುವವರೆಗೂ ನಂಬಲಿಲ್ಲ.

ಆಮೇಲೆ ಬೀದಿಗೆ ಅದೇ ಕಸುಬಾಯಿತು. ಯಾರ ಮನೆ ಮುಂದೆ ಹೊಸದಾಗಿ ಗುಡಿಸಿದೆ, ಯಾರ ಮಗುವಿನ ಉಗುರು ಕತ್ತರಿಸಿದೆ, ಯಾರು ಕುಡಿಯುವ ನೀರಿಗೆ ಒಲೆ ಹೊತ್ತಿಸಿದ್ದಾರೆ ಎಂದು ನೋಡುವುದು, ಪಾಪ ಊಹಿಸುವುದು. ಊರೊಳಗಿಂದ ಮಜ್ಜಿಗೆ ಮಾರಲು ಬರುತ್ತಿದ್ದ ಸೊಣ್ಣಮ್ಮನಿಗೂ ಸುದ್ದಿ ಮುಟ್ಟಿ, "ನಿಮ್ಮೋರು ತಪ್ಪು ಮಾಡಿದ್ರೆ ಸ್ನಾನ ಮಾಡ್ಸ್ತಾರಂತಲ್ಲವ್ವ, ನಮ್ಮ ಯಜಮಾನ್ರನ್ನೂ ಒಂದ್ ದಪ ಕರ್ಕೊಂಡೋಗ್ರಿ" ಎಂದು ನಕ್ಕಳು.

ನಗು ಅಲ್ಲಿಗೇ ನಿಂತಿದ್ದರೆ ಸರಿಯಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ನಾವು. ಇಂಥ ಪ್ರಾಯಶ್ಚಿತ್ತ ಸಿಕ್ಕದವರು ಎಲ್ಲಿ ತಮ್ಮ ಮೇಲೂ ಅನುಮಾನ ಬರುತ್ತದೋ ಎಂದು, ಮೊದಲಿನಿಂದ ಮಾಡುತ್ತಿದ್ದ ಚೂರುಪಾರು ಶುಚಿಯನ್ನೂ ಬಿಟ್ಟುಬಿಟ್ಟರು. ನಾನು ಮಕ್ಕಳ ತಲೆ ಬಾಚುವುದನ್ನು ಒಳಕೋಣೆಗೆ ಹಾಕಿಕೊಂಡೆ. ಕತ್ರಿನಮ್ಮ ನೀರು ಸೋಸುತ್ತಿದ್ದ ಹಳೇ ಸೀರೆಯ ತುಂಡನ್ನು ಮಡಿಚಿ ಅಟ್ಟಕ್ಕೆ ಎಸೆದಳು. ಈ ಸಲವೂ ತನಗೆ ಮೂರೇ ನಮೋ ಮರಿಯಾ ಎಂದಿದ್ದ ಚೌರಮ್ಮನಂತೂ ಎಲ್ಲರಿಗಿಂತ ಒಂದು ಕೈ ಮೇಲೆ. ಬಿಂದಿಗೆಯ ಬಾಯಿಗೆ ಬಟ್ಟೆ ಕಟ್ಟುವುದನ್ನು ಬಿಟ್ಟಳು, ಬಾಗಿಲಿಗೆ ಸಗಣಿ ಸಾರಿಸುವುದನ್ನು ಬಿಟ್ಟಳು, ಮೈಗೆ ನೀರು ಹಾಕಿಕೊಳ್ಳುವುದನ್ನು ವಾರಕ್ಕೆ ತಳ್ಳಿದಳು. ತಪಸ್ಸುಕಾಲ ನಡುವಿಗೆ ಬರುವಷ್ಟರಲ್ಲಿ ಆ ಬೀದಿಯ ಪರಮ ಪುಣ್ಯವಂತೆ ಯಾರೆಂದು ಮೂಗಿನಿಂದಲೇ ತಿಳಿಯುವಂತಾಗಿತ್ತು.

ಇಲ್ಲಿಯವರೆಗೆ ನಗುತ್ತಾ ಹೇಳಿದೆ. ಈಗ ಪ್ರಕಾಶಮ್ಮನ ಮಾತು ಹೇಳಬೇಕು.

ಪ್ರಕಾಶಮ್ಮ ಚೌರಮ್ಮನ ಸೊಸೆ, ರಾಯಪ್ಪನ ಹೆಂಡತಿ. ಮಾತು ಕಡಿಮೆ. ಅವಳ ಚೊಚ್ಚಲ ಗಂಡುಮಗು ಹಿಂದೊಂದು ಬೇಸಗೆಯಲ್ಲಿ ಭೇದಿ ಹತ್ತಿ ಹೋಗಿತ್ತು. ಅದಾದ ಮೇಲೆ ಹುಟ್ಟಿದ ಹೆಣ್ಣುಮಗು ತೆರೇಜ, ಆಗತಾನೇ ಗೋಡೆ ಹಿಡಿದು ನಿಲ್ಲುತ್ತಿತ್ತು, ಗಂಜಿ ನೀರು ಕುಡಿಯಲು ಕಲಿತಿತ್ತು. ಚೌರಮ್ಮನಿಗೆ ಆ ಮಗುವೆಂದರೆ ಪ್ರಾಣ. ಚರಕ ತಿರುಗಿಸುತ್ತಾ ಕಾಲ ಮೇಲೆ ಮಲಗಿಸಿಕೊಂಡು ತೂಗುತ್ತಿದ್ದಳು. ಕುಂಟೆಯ ನೀರು ಬರಲು ಶುರುವಾದ ದಿನ ಪ್ರಕಾಶಮ್ಮ ಬಂದು ಅತ್ತೆಯ ಮುಂದೆ ನಿಂತಳು.

"ಅತ್ತೆ, ಮಗೀಗೆ ನೀರು ಕಾಸ್ಕೊಡ್ತೀನಿ."

"ಸುಮ್ನಿರೇ. ಬೀದಿ ಏನಂದಾತು? ಚೌರಮ್ಮನ ಮನೇಲಿ ನೀರು ಕಾಯ್ತದೆ ಅಂದ್ರೆ ನಾಳೆ ಗುಡಿ ಬಾಗ್ಲಲ್ಲಿ ನಿಂತು ಜಪಮಾಲೆ ಹೇಳ್ಸಕ್ಕೆ ನಂಗೆ ಮೊಕ ಇರ್ತದಾ?"

"ನನ್ನ ಮಗ ಹೋದ್ನಲ್ಲತ್ತೆ."

ಚೌರಮ್ಮ ಚರಕ ನಿಲ್ಲಿಸಿದಳು. ಅವಳ ಎದೆಗೂ ಅದು ನಾಟಿತು. "ಆಯ್ತು. ಬಾನೆ ಪಕ್ಕಕ್ಕೆ ಒಂದು ತಪ್ಪಲೆ ಇಡು. ಗೂಡಿನ ನೀರು ಅನ್ಕೋತಾರೆ. ಯಾರ್ಗೂ ಗೊತ್ತಾಗಕಿಲ್ಲ" ಎಂದಳು. ಅತ್ತೆ ಸೊಸೆ ಇಬ್ಬರೂ ಸೇರಿ ಒಲೆಯ ಇನ್ನೊಂದು ಕಣ್ಣಿಗೆ ಬೆಳಗಿದ ತಪ್ಪಲೆ ಇಟ್ಟರು. ಕೆಲವು ದಿನ ಹಾಗೇ ನಡೆಯಿತು. ಪುಣ್ಯವೂ ಉಳಿಯಿತು, ಮಗುವಿಗೆ ಕಾಯಿಸಿದ ನೀರೂ ಸಿಕ್ಕಿತು. ಚೌರಮ್ಮನಿಗೆ ತನ್ನ ಬುದ್ಧಿಯ ಮೇಲೆ ತನಗೇ ಮೆಚ್ಚುಗೆಯಾಗಿರಬೇಕು.

ಒಂದು ದಿನ ಕತ್ರಿನಮ್ಮ ಕೆಂಡ ಕೇಳಲು ನೇರ ಒಳಗೇ ಬಂದುಬಿಟ್ಟಳು. ನಾನೂ ಅವಳ ಹಿಂದೆಯೇ ಇದ್ದೆ, ಆದ್ದರಿಂದ ಇದು ಕಣ್ಣಾರೆ ಕಂಡದ್ದು. ಕತ್ರಿನಮ್ಮನ ಕಣ್ಣು ತಪ್ಪಲೆಯ ಮೇಲೆ ಬಿತ್ತು. ತಳ ಕಾಣುವಷ್ಟು ತಿಳಿಯಾದ ನೀರು, ಗುಳುಗುಳು ಕುದಿಯುತ್ತಿದೆ.

"ಇದೇನಕ್ಕಾ ಚೌರಕ್ಕ, ಈ ತಪ್ಪಲೇಲಿ ಗೂಡೇ ಇಲ್ಲ?"

ಚೌರಮ್ಮ ಪಕ್ಕದ ಬುಟ್ಟಿಗೆ ಕೈಹಾಕಿ, ಒಂದು ಹಿಡಿ ರೇಷ್ಮೆಗೂಡು ತೆಗೆದು ತಪ್ಪಲೆಯೊಳಗೆ ಹಾಕಿಬಿಟ್ಟಳು. "ಈಗ ಹಾಕ್ತಿದ್ದೆ ಕಣೇ, ಅಷ್ಟರಲ್ಲಿ ನೀನು ಬಂದೆ" ಎಂದು ನಕ್ಕಳು. ನೀರು ಹಳದಿಗೆ ತಿರುಗಿತು, ಬೆಂದ ಹುಳುವಿನ ವಾಸನೆ ಎದ್ದಿತು. ಮೂಲೆಯಲ್ಲಿ ಮಗುವನ್ನು ಎತ್ತಿಕೊಂಡು ಪ್ರಕಾಶಮ್ಮ ನಿಂತಿದ್ದಳು. ಅವಳು ಅತ್ತೆಯನ್ನು ನೋಡಿದ ನೋಟ ನನಗೆ ಈಗಲೂ ನೆನಪಿದೆ.

ಅನುಮಾನ ಹೋಗಲೆಂದು ಚೌರಮ್ಮ ಅಂದಿನಿಂದ ತಪ್ಪಲೆಯನ್ನೇ ಇಡಗೊಡಲಿಲ್ಲ. ಮಗುವಿಗೆ ಬಾಯಾರಿದಾಗ ಬಿಂದಿಗೆಯಿಂದ ಬಗ್ಗಿಸಿದ ಕುಂಟೆಯ ನೀರೇ ಸಿಕ್ಕಿತು. ಬೇಸಗೆಯ ಭೇದಿ ಆಗಲೇ ಬೀದಿಯಲ್ಲಿ ಮನೆಯಿಂದ ಮನೆಗೆ ನಡೆದಾಡುತ್ತಿತ್ತು. ಕತ್ರಿನಮ್ಮನ ಮೊಮ್ಮಗ ಮಲಗಿದ. ವಾರ ಕಳೆಯುವುದರೊಳಗೆ ತೆರೇಜಳೂ ಮಲಗಿದಳು.

ಮಗು ಕಣ್ಣೆದುರಿಗೇ ಇಳಿದುಹೋಯಿತು. ನೆತ್ತಿ ಗುಳಿಬಿತ್ತು, ಕಣ್ಣು ಒಳಗೆ ಹೋದವು, ಅಳುವುದೂ ನಿಂತಿತು. ರಾಯಪ್ಪ ಗಾಡಿ ಕಟ್ಟಿ ಎಲ್ಲರನ್ನೂ ವಿಜಯಪುರದ ಡಾಕ್ಟರ ಹತ್ತಿರ ಕರೆದೊಯ್ದ. ಡಾಕ್ಟರು ಔಷಧಿ ಕೊಟ್ಟರು, ಕಾಯಿಸಿ ಆರಿಸಿದ ನೀರು, ಚೂರು ಉಪ್ಪು ಹಾಕಿದ ಗಂಜಿತಿಳಿ, ಚಮಚ ಚಮಚವಾಗಿ ಬಿಡದೆ ಕುಡಿಸಿ ಎಂದರು. "ನಿಮ್ಮ ಮನೇಲಿ ಇದುವರೆಗೆ ಎಂಥ ನೀರು ಕೊಡ್ತಿದ್ರಿ?" ಎಂದು ಕೇಳಿದರು. ಪ್ರಕಾಶಮ್ಮ ಬಾಯಿಬಿಡಲಿಲ್ಲ. ಅತ್ತೆಯ ಮಾನವನ್ನು ಅಲ್ಲಿಯೂ ಕಾಪಾಡಿದಳು. ಆದರೆ ಅಂದಿನಿಂದ ಅವಳು ಅತ್ತೆಯೊಂದಿಗೆ ಮಾತು ಬಿಟ್ಟಳು.

ಊರಿಗೆ ಬಂದವಳೇ ಚೌರಮ್ಮ ಸೀರೆ ಎತ್ತಿಕಟ್ಟಿ, ಮನೆಯ ಮುಂದೆ, ಬೀದಿಯ ಅಂಚಿನಲ್ಲಿ, ಮೂರು ಕಲ್ಲು ಹೂಡಿದಳು. ತಪ್ಪಲೆಯನ್ನು ಬೂದಿ ಹಾಕಿ ತಿಕ್ಕಿ, ನೀರು ತುಂಬಿ ಇಟ್ಟು, ಒಲೆ ಹೊತ್ತಿಸಿದಳು. ರಾಯಪ್ಪ ಗಾಬರಿಯಾಗಿ, "ಯವ್ವಾ, ಒಳಗೆ ಒಲೆ ಇಲ್ವಾ? ಬೀದೀಲ್ಯಾಕೆ?" ಎಂದ.

"ಒಳಗೆ ಕಾಸಿದ್ರೆ ಯಾರಾದ್ರೂ ಬಂದಾಗ ನನ್ನ ಕೈ ಮತ್ತೆ ಗೂಡಿನ ಬುಟ್ಟಿಗೆ ಹೋಯ್ತದೆ ಕಣೋ. ನಂಗೆ ನನ್ನ ಕೈ ಮೇಲೆ ನಂಬ್ಕೆ ಇಲ್ಲ" ಎಂದಳು ಚೌರಮ್ಮ.

ಬೀದಿಗೆ ಹಬ್ಬವಾಯಿತು. ಬೇರೆಯವರು ಹಿತ್ತಲಲ್ಲಿ, ಮುಸುಕು ಹೊದ್ದು ಪ್ರಾಯಶ್ಚಿತ್ತ ಮಾಡುವಾಗ ಮೂರು ನಮೋ ಮರಿಯಾದ ಚೌರಮ್ಮ ಬೀದಿಯಲ್ಲೇ ಒಲೆ ಹೂಡಿದ್ದಾಳೆ! ಅದೂ ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಸಂಜೆ ಒಂದು ಸಲ. ಪಾಪ ಎಷ್ಟು ದೊಡ್ಡದಿರಬೇಕು! ಗಂಡ ಸತ್ತ ಮೇಲಿನ ವರ್ಷಗಳನ್ನೆಲ್ಲ ಜನ ಹಿಂದಕ್ಕೆ ಮುಂದಕ್ಕೆ ತಿರುಗಿಸಿ ನೋಡಿದರು. ರೇಷ್ಮೆ ಕೊಳ್ಳಲು ಬರುತ್ತಿದ್ದ ಒಬ್ಬ ಸಾಹೇಬರ ಹೆಸರೂ ಬಂತು. ಪಾಪ, ಆ ಮನುಷ್ಯನಿಗೆ ಎಪ್ಪತ್ತು ದಾಟಿತ್ತು, ಕಣ್ಣೂ ಸರಿಯಾಗಿ ಕಾಣುತ್ತಿರಲಿಲ್ಲ.

ಸ್ವಾಮಿಗಳು ಮಗುವನ್ನು ನೋಡಲು ಬಂದರು. ಒಲೆಯ ಮುಂದೆ ನಿಂತರು. ಚೌರಮ್ಮನಿಗೆ ಅವರು ಕೊಟ್ಟದ್ದು ಮೂರೇ ನಮೋ ಮರಿಯಾ ಎಂದು ಅವರಿಗೆ ಗೊತ್ತು, ಅವಳಿಗೆ ಗೊತ್ತು. ಅವರು ಒಂದು ಮಾತು ಹೇಳಿದ್ದರೆ ಬೀದಿಯ ಬಾಯಿ ಮುಚ್ಚುತ್ತಿತ್ತು. ಆದರೆ ಪಾಪನಿವೇದನೆಯಲ್ಲಿ ಕೇಳಿದ್ದನ್ನಾಗಲಿ ಕೊಟ್ಟದ್ದನ್ನಾಗಲಿ ಗುರುಗಳು ಪ್ರಾಣ ಹೋದರೂ ಹೊರಗೆ ಹೇಳುವ ಹಾಗಿಲ್ಲ.

"ತಪ್ಪು ನನ್ನದು ಚೌರಮ್ಮ" ಎಂದರು ಅವರು. "ಆದರೆ ಇದರಲ್ಲಿ ನಾನು ಬಾಯಿ ತೆಗೆಯೋ ಹಾಗಿಲ್ಲವಲ್ಲ."

"ನೀವೇನೂ ಹೇಳ್ಬೇಡಿ ಸ್ವಾಮಿ. ಅಡ್ಡ ನಿಂತಿದ್ದೀರಿ, ಗಾಳಿ ಬರ್ತಿಲ್ಲ, ಬೆಂಕಿ ಆರ್ತದೆ" ಎಂದಳು ಚೌರಮ್ಮ.

ಈಸ್ಟರಿಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರ ಸ್ವಾಮಿಗಳು ಪ್ರಸಂಗದಲ್ಲಿ, ಇನ್ನು ಮುಂದೆ ಪ್ರಾಯಶ್ಚಿತ್ತವೆಂದರೆ ಜಪ ಮಾತ್ರ, ನೀರು ಕಾಯಿಸುವುದು ಪಾಪದ ಗುರುತಲ್ಲ, ಬುದ್ಧಿಯ ಗುರುತು ಎಂದರು. ನಾವು ಅಂದು ನಿದ್ದೆ ಮಾಡದೆ ಕೇಳಿದೆವು. ಕೇಳಿ, ಚೌರಮ್ಮನ ಪಾಪ ಮುಚ್ಚಿಹಾಕಲು ಹೇಳುತ್ತಿದ್ದಾರೆ ಎಂದು ತೀರ್ಮಾನಿಸಿದೆವು.

ಚೌರಮ್ಮ ಅಂದು ಪೂಜೆಗೆ ಬಂದಿರಲಿಲ್ಲ. ನಾವೆಲ್ಲ ಮಂತ್ರಿಸಿದ ಈಚಲ ಗರಿ ಹಿಡಿದು ಬರುವಾಗ ಅವಳು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು, ಹೊಗೆಗೆ ಕಣ್ಣು ಕೆಂಪಾಗಿದ್ದವು. ಆಗಲೇ ಒಳಗಿನಿಂದ ಮಗುವಿನ ಅಳು ಕೇಳಿತು. ಅಳುವುದನ್ನೇ ಮರೆತಿದ್ದ ಮಗು, ಬೀದಿ ಕೊನೆಗೆ ಕೇಳುವ ಹಾಗೆ ಅತ್ತಿತು. ಪ್ರಕಾಶಮ್ಮ ಬಾಗಿಲಿಗೆ ಬಂದಳು. "ಅತ್ತೆ, ನೀರು ಕೇಳ್ತಾಳೆ" ಎಂದಳು. ಎಷ್ಟೋ ದಿನದ ಮೇಲೆ ಅವಳು ಅತ್ತೆಗೆ ಆಡಿದ ಮೊದಲ ಮಾತು. ಚೌರಮ್ಮ ಆರಿಸಿಟ್ಟಿದ್ದ ನೀರನ್ನು ಲೋಟಕ್ಕೆ ಬಗ್ಗಿಸಿ ಅವಳ ಕೈಗೆ ಕೊಟ್ಟಳು. ನಾವು ಮುಂದೆ ಹೋಗಬೇಕಾಗಿತ್ತು, ಹೋಗಲಿಲ್ಲ. ನಿಂತೇ ಇದ್ದೆವು.

ಸುಮ್ಮನಿದ್ದು ಗೊತ್ತಿಲ್ಲದವಳು ಕತ್ರಿನಮ್ಮ. "ಚೌರಕ್ಕ, ಕೇಳ್ತೀನಿ ಅಂತ ಬೇಜಾರ್ ಮಾಡ್ಕೋಬೇಡ. ಅಂಥದ್ದೇನು ಪಾಪ ಮಾಡ್ದೆ ನೀನು?" ಎಂದಳು.

ತನಗೆ ಸಿಕ್ಕಿದ್ದು ಮೂರೇ ನಮೋ ಮರಿಯಾ ಎಂದು ಚೌರಮ್ಮ ಹೇಳಬಹುದಾಗಿತ್ತು. ಅದು ನಿಜವೂ ಆಗಿತ್ತು. ಅವಳು ಎದ್ದು ನಿಂತು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಹೇಳ್ತೀನಿ, ಎಲ್ಲಾರೂ ಕೇಳಿ. ನೀವು ಆಡ್ಕೋತೀರಿ ಅಂತ ಹೆದ್ರಿ, ಕುಡಿಯೋ ನೀರಿಗೆ ಹುಳ ಹಾಕ್ದೆ. ಮಗೀಗೆ ಕುಂಟೆ ನೀರು ಕುಡಿಸ್ದೆ. ಒಂದು ಮಗು ಮಣ್ಣು ಮಾಡ್ದೋಳ ಮುಂದೇನೇ ಕುಡಿಸ್ದೆ. ಇದನ್ನ ಸ್ವಾಮಿಗಳಿಗೂ ಇನ್ನೂ ಹೇಳಿಲ್ಲ, ನಿಮಗೇ ಮೊದ್ಲು ಹೇಳ್ತಿರೋದು. ಈ ಒಲೆ ಅವರು ಕೊಟ್ಟಿದ್ದಲ್ಲ, ನಾನೇ ತಗಂಡಿದ್ದು. ಇರೋವರ್ಗೂ ಕಾಸ್ತೀನಿ. ಏನ್ ಅನ್ಕೋತೀರೋ ಅನ್ಕೊಳ್ಳಿ."

ನಮ್ಮತ್ತೆ, ಮಾವನ ಕಡೆ ನೋಡಿದರು, ಮಾವ ನೆಲ ನೋಡಿದರು. ಕತ್ರಿನಮ್ಮ ಗರಿಯನ್ನು ನನ್ನ ಕೈಗೆ ಕೊಟ್ಟು ತನ್ನ ಮನೆಯೊಳಕ್ಕೆ ಹೋದಳು. ಮುನಿಸಿಕೊಂಡು ಹೋದಳೆಂದುಕೊಂಡೆವು. ಅವಳ ಮೊಮ್ಮಗ ಇನ್ನೂ ಮಲಗಿಯೇ ಇದ್ದ. ತುಸು ಹೊತ್ತಿಗೆ, ಅಟ್ಟಕ್ಕೆ ಎಸೆದಿದ್ದ ಸೀರೆಯ ತುಂಡನ್ನು ಬಾಯಿಗೆ ಕಟ್ಟಿದ ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದಳು, ಎಲ್ಲರೂ ನೋಡುತ್ತಿರುವಂತೆಯೇ ಬೀದಿ ದಾಟಿ ಬಂದು ಒಲೆಯ ಪಕ್ಕದಲ್ಲಿ ಇಳಿಸಿದಳು.

"ಇದನ್ನೂ ಕಾಸ್ಕೊಡಕ್ಕಾ" ಎಂದಳು.

"ಯಾಕೆ, ನಿಂದೇನು ಪಾಪ?" ಎಂದಳು ಚೌರಮ್ಮ.

"ನಿಂದೇ ನಂದೂ ಕಣಕ್ಕಾ" ಎಂದಳು ಕತ್ರಿನಮ್ಮ.